ಚೊಗರಿಗೆ ಕಬ್ಬಿಣ ಮುಟ್ಟಿಸಬಾರದು

ಮೊನ್ನೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಮಗಳಿಗೊಂದು ದುಪಟ್ಟಾ ನೋಡುತ್ತಿದ್ದೆ. ಅಂಗಡಿಯ ಹುಡುಗಿ ಒಂದು ಕೆಂಪು ದುಪಟ್ಟಾ ಬಿಡಿಸಿ, "ನ್ಯಾಚುರಲ್ ಡೈ ಮೇಡಂ, ಅಡಿಕೆ ಚೊಗರಿಂದು, ಬೇಕಾದ್ರೆ ಮೂಸಿ ನೋಡಿ" ಅಂದಳು. ಮೂಸಿದೆ. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮುಖ ಹುಳ್ಳಗಾಯಿತು. ಏನೂ ಕೊಳ್ಳದೆ ಹೊರಗೆ ಬಂದೆ. ಕಾರಣ ಹೇಳ್ತೀನಿ, ನಗಬೇಡಿ.

ಅಡಿಕೆ ಬೇಯಿಸಿದ ನೀರು ಬತ್ತಿ ಬತ್ತಿ ಗಟ್ಟಿಯಾದರೆ ಅದೇ ಚೊಗರು. ಆಗ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ನನ್ನ ಸೋದರತ್ತೆ ಅದನ್ನು ಕ್ಯಾನಿನಲ್ಲಿ ತರಿಸಿ, ಮಾಸಿದ ಬಟ್ಟೆಗೆಲ್ಲ ಬಣ್ಣ ಕಟ್ಟುತ್ತಿದ್ದಳು. ದಿಂಬಿನ ಕವರು, ಪರದೆ, ಪಕ್ಕದ ಮನೆಯ ತಮಿಳು ಅಕ್ಕನ ಸೀರೆ, ಯಾವುದೂ ಅವಳ ಕೈಯಿಂದ ತಪ್ಪಿಸಿಕೊಂಡಿದ್ದಿಲ್ಲ. ನನ್ನ ಶಾಲೆಯ ಬಿಳಿ ಸಾಕ್ಸನ್ನೂ ಒಮ್ಮೆ ಅದ್ದಿಬಿಟ್ಟಿದ್ದಳು. ಅವಳಿಗಿದ್ದದ್ದು ಒಂದೇ ಮಡಿ: ಚೊಗರಿಗೆ ಕಬ್ಬಿಣ ಮುಟ್ಟಿಸಬಾರದು. ತಾಮ್ರದ ಹಂಡೆ, ಮರದ ಕೋಲು. ಕಬ್ಬಿಣದ ಊರಲ್ಲಿ ಇದೆಂಥ ಮಡಿ ಮಾರಾಯ್ತಿ ಅಂತ ನಾವೆಲ್ಲ ಆಡಿಕೊಳ್ಳುತ್ತಿದ್ದೆವು.

ಮಾವ ರಿಟೈರಾಗುವ ಹಿಂದಿನ ದಿನ. ಅಷ್ಟು ವರ್ಷ ಮೈಯೆಲ್ಲ ಮಸಿ ಮಾಡಿಕೊಂಡು ಬಂದ ಗಂಡನನ್ನು ಕೊನೆಯ ದಿನ ತನ್ನ ಕೈಯ ಕೆಂಪು ಶಲ್ಯ ಹೊದಿಸಿ ಕಳಿಸಬೇಕು ಅನ್ನೋದು ಅತ್ತೆಯ ಆಸೆ. ಶಲ್ಯವನ್ನು ಹಂಡೆಗೆ ಹಾಕಿ, "ತಿರುವುತ್ತಾ ಇರು, ಈಗ ಬರ್ತೀನಿ" ಅಂತ ಹೂ ತರಲು ಹೋದಳು. ನಾನು ಆಗ ಕಾಲೇಜು ಹುಡುಗಿ, ಮಹಾ ಬುದ್ಧಿವಂತೆ. ಹಂಡೆಯಲ್ಲಿ ಶಲ್ಯ ಮುದುಡಿಕೊಂಡಿದೆ ಅನ್ನಿಸಿ, ಎಲ್ಲವನ್ನೂ ಅಗಲವಾದ ಕಬ್ಬಿಣದ ಬಾಣಲೆಗೆ ಸುರಿದೆ. ಅಯ್ಯೋ, ನೋಡನೋಡುತ್ತ ಶಲ್ಯ ಕಾಗೆಯ ಬಣ್ಣಕ್ಕೆ ತಿರುಗಿತು! ಗಾಬರಿಯಲ್ಲಿ ಮತ್ತೆ ಹಂಡೆಗೆ ಹಾಕಿ, ಬಾಣಲೆ ತೊಳೆದು ಬೋರಲಿಟ್ಟೆ.

"ಕಬ್ಬಿಣ ಮುಟ್ಟಿಸಿದ್ಯೇನೇ?" ಅಂದಳು ಅತ್ತೆ, ಬಂದವಳೇ.

"ಇಲ್ಲತ್ತೆ, ದೇವರಾಣೆ."

ಮರುದಿನ ಮಾವ ಅದನ್ನೇ ಹೊದ್ದು, "ಇದೇ ಸರಿ ಬಿಡೇ, ಕೆಂಪಗೆ ಹೋದ್ರೆ ಗೇಟಲ್ಲಿ ನನ್ನ ಗುರುತು ಸಿಗುತ್ತಾ?" ಅಂತ ನಗುತ್ತಾ ಹೋದರು. ಅತ್ತೆ ನಗಲಿಲ್ಲ. "ನನ್ನ ಕೈಗುಣವೇ ಹೋಯ್ತು" ಅಂದವಳು ಆಮೇಲೆ ಬಣ್ಣದ ತಂಟೆಗೇ ಹೋಗಲಿಲ್ಲ. ಹೊಸ ಮನೆಗೆ ಬಂದಾಗ ಹಂಡೆ ನೇರ ಅಟ್ಟ ಸೇರಿತು. ನಾನು ಹಬ್ಬಹಬ್ಬಕ್ಕೂ ಹೋಗಿ ಹೋಳಿಗೆ ತಿಂದು ಬಂದೆನೇ ಹೊರತು ಬಾಯಿ ಬಿಡಲಿಲ್ಲ.

ಅಂಗಡಿಯಿಂದ ಹೊರಬಿದ್ದವಳು ಮನೆಗೆ ಹೋಗಲಿಲ್ಲ, ಭದ್ರಾವತಿ ಬಸ್ ಹತ್ತಿದೆ; ಮುಕ್ಕಾಲು ಗಂಟೆಯ ದಾರಿ. ದಾರಿ ನಡುವೆ ಮಲವಗೊಪ್ಪದಲ್ಲಿ ಇಳಿದು ವಾಪಸ್ ಹೋಗಿಬಿಡಲೇ ಅನ್ನಿಸಿತು. ಇಳಿಯಲಿಲ್ಲ. ಚಪ್ಪಲಿ ಬಿಡುವ ಮೊದಲೇ ಅತ್ತೆಗೆ ಎಲ್ಲ ಹೇಳಿಬಿಟ್ಟೆ.

ಶುರುವಾಯಿತು ನೋಡಿ ಮಂಗಳಾರತಿ! "ಲೇ ಕತ್ತೆ, ಇಪ್ಪತ್ತು ವರ್ಷ ಕಣೇ! ದೇವರಾಣೆ ಬೇರೆ ಹಾಕಿದ್ದೆ!" ಬೈಯುತ್ತಾ ಬೈಯುತ್ತಾ ಥಟ್ಟನೆ ನಿಲ್ಲಿಸಿದಳು. "ಹಾಗಾದ್ರೆ... ನನ್ನ ಕೈ ಕೆಟ್ಟಿರಲಿಲ್ಲ!" ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ರೀ, ಸ್ಟೂಲ್ ತನ್ನಿ!"

ಮಾವ ಸ್ಟೂಲ್ ಹಿಡಿದರು, ನಾನು ಹತ್ತಿ ಹಂಡೆ ಇಳಿಸಿದೆ. ಅಷ್ಟರಲ್ಲಿ ಅತ್ತೆಯ ಕಣ್ಣು ನನ್ನ ಸೀರೆಯ ಮೇಲೆ ಬಿದ್ದಿತ್ತು. "ಎಷ್ಟು ಮಾಸಿದೆಯೇ ಇದು! ಬಿಚ್ಚು. ಒಳಗೆ ನನ್ನ ನೈಟಿ ಇದೆ, ಹಾಕ್ಕೋ. ನಾಳೆ ಚೊಗರು ತರಿಸ್ತೀನಿ."

ಇದನ್ನು ಆ ದೊಗಳೆ ನೈಟಿಯಲ್ಲೇ ಕೂತು ಬರೆಯುತ್ತಿದ್ದೇನೆ. ಸೀರೆ ಇನ್ನೂ ಒಣಗಿಲ್ಲ. ಬಣ್ಣ ಮಾತ್ರ ಒಂದಿಷ್ಟೂ ಕಲೆಯಿಲ್ಲದೆ ಕಟ್ಟಿದೆ, ಒಳ್ಳೇ ಕೆಂಪು.