ಅತ್ತೆ ಓಡಿಸಿದ ಬಾಣಂತಿ

ಹೋದ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ ನಮ್ಮತ್ತೆ ವಿಜಯಪುರದಿಂದ ಕಡಲಾಚೆ ನಾವಿರುವ ಇರ್ವಿಂಗ್‌ಗೆ ಬಂದರು. ಬಂದ ಮರುದಿನವೇ ಅವರಿಗೆ ಈ ಊರಿನ ಕೊರತೆ ಕಾಣಿಸಿತು. ಇಲ್ಲಿ ಬೀದಿನಾಯಿಗಳೇ ಇಲ್ಲ. ಅತ್ತೆಯ ಮನೆಯಲ್ಲಿ ಬೆಳಗಿನ ಮೊದಲ ರೊಟ್ಟಿ ನಾಯಿಗೆ, ಆಮೇಲೆ ಮನೆಯವರಿಗೆ. "ಎಂಥಾ ಊರ ಇದು, ಒಂದು ತುತ್ತು ಹಾಕಾಕ ನಾಯಿ ಇಲ್ಲ" ಎಂದು ಗೊಣಗುತ್ತಿದ್ದರು. ನಾನು ಮೈಸೂರಿನವಳು, ಎದುರು ಮಾತಾಡುವ ಚಾಳಿ ಬೇರೆ. "ಇಲ್ಲಿನ ನಾಯಿಗಳಿಗೆ ಬ್ಯೂಟಿ ಪಾರ್ಲರ್ ಇದೆ ಅತ್ತೆ, ನಿಮ್ಮ ರೊಟ್ಟಿ ಯಾವುದೂ ಮೂಸೋದಿಲ್ಲ" ಎಂದೆ.

ಕೆಲವು ದಿನಗಳಲ್ಲಿ ಗೊಣಗಾಟ ನಿಂತಿತು. ಸದ್ಯ ಎಂದುಕೊಂಡೆನೇ ಹೊರತು ಕಾರಣ ಕೇಳಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಮಗಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು, "ಅಮ್ಮಾ, ಅಜ್ಜಿ ಈಸ್ ಫೀಡಿಂಗ್ ಎ ಕಯೋಟಿ" ಎಂದಳು. ಹಿತ್ತಲ ಬಾಗಿಲಿಗೆ ಓಡಿದೆ. ಕಯೋಟಿ ತೋಳದ ಜಾತಿಯದು, ನರಿಗಿಂತ ದೊಡ್ಡದು. ಅತ್ತೆ ಹಿತ್ತಲಿನ ಮೆಟ್ಟಿಲ ಮೇಲೆ ಆರಾಮಾಗಿ ಕೂತಿದ್ದರು. ಅವರೆದುರು ಆ ಬೂದುಬಣ್ಣದ ಪ್ರಾಣಿ ತುಪ್ಪ ಸವರಿದ ಜೋಳದ ರೊಟ್ಟಿ ತಿನ್ನುತ್ತಿತ್ತು. ನಾನು ಬಾಗಿಲು ತೆರೆದ ಸದ್ದಿಗೆ ಆಳೆತ್ತರದ ಬೇಲಿಯನ್ನು ಹೊಸ್ತಿಲು ದಾಟಿದಷ್ಟು ಸಲೀಸಾಗಿ ದಾಟಿ ಹೋಯಿತು.

"ಬಾಣಂತಿ ಅದ. ಮೊಲಿ ನೋಡಿದ್ಯೇನು? ಎಲ್ಲೋ ಮರಿ ಬಿಟ್ಟು ಬರತದ. ಬಾಣಂತಿಗೆ ಹಸಿವಿ ಭಾಳ" ಎಂದರು ಅತ್ತೆ.

ಬೈಯಬೇಕೆಂದು ಹೋದವಳು ಹಾಗೆಯೇ ಒಳಗೆ ಬಂದೆ.

ಅವತ್ತೇ ಮಧ್ಯಾಹ್ನ ಪಕ್ಕದ ಮನೆಯ ಲಿಂಡಾ ಬಂದಳು. ಕಯೋಟಿ ಅವಳ ಬಾಗಿಲಿಗೂ ಬಂದು ನಿಂತಿತ್ತಂತೆ, ಚಪ್ಪಾಳೆ ತಟ್ಟಿದರೂ ಕದಲಲಿಲ್ಲವಂತೆ. ಅವಳಿಗೆ ಅದರ ಮೇಲೆ ಕೋಪವೇನಿರಲಿಲ್ಲ. ಮನೆಗಳ ಹಿಂದಿನ ತೊರೆಯ ಬದಿಯಲ್ಲಿ ಅದು ವರ್ಷಗಳಿಂದ ಸಂಸಾರ ಮಾಡುತ್ತಿದೆ, ಕಾರುಗಳು ನಿಲ್ಲುವವರೆಗೆ ಕಾದು ಅಷ್ಟಗಲದ ರಸ್ತೆ ದಾಟುತ್ತದೆ ಎಂದು ಅಕ್ಕರೆಯಿಂದಲೇ ಹೇಳಿದಳು. "ಮನುಷ್ಯರಿಗೆ ಹೆದರುವುದರಿಂದಲೇ ಅದು ಬದುಕಿದೆ. ಹೆದರಿಕೆ ಹೋದರೆ ಒಂದು ದಿನ ಯಾರಿಗೋ ಬಾಯಿ ಹಾಕುತ್ತದೆ. ಆಮೇಲೆ ಹಿಡಿದು ಕೊಲ್ಲುತ್ತಾರೆ" ಎಂದಳು.

ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರ ಮುಖ ಸಣ್ಣದಾಯಿತು. "ಅಂದ್ರ ನಾ ಉಣಿಸಿ ಕೊಲ್ಲಾಕತ್ತೀನೇನು?" ಎಂದರು. ಗದ್ದಲ ಮಾಡಿ ಓಡಿಸುವುದೊಂದೇ ದಾರಿ ಎಂದು ಲಿಂಡಾ ಹೇಳಿದ್ದಳು. "ನೀವು ಒಳಗಿರಿ ಅತ್ತೆ, ನಾಳೆ ನಾನು ಓಡಿಸ್ತೀನಿ" ಎಂದೆ.

"ನೀ ಓಡಿಸಿದ್ರ ನಿನಗಷ್ಟ ಅಂಜತದ. ನನ್ನ ಹತ್ರ ಮತ್ತ ಬರತದ. ರೂಢಿ ಹಚ್ಚಿದಾಕಿ ನಾನು, ನಾನ ಬಿಡಿಸಬೇಕು."

ಮರುದಿನ ಅದು ಹೊತ್ತಿಗೆ ಸರಿಯಾಗಿ ಬಂದು ಕೂತಿತು. ಅತ್ತೆ ಸೆರಗು ಸಿಕ್ಕಿಸಿ, ಹಿಟ್ಟು ನಾದುವ ಪರಾತವನ್ನು ಸೌಟಿನಿಂದ ಬಡಿಯುತ್ತ ಇಳಿದರು. ಅದು ಕಿವಿ ನೆಟ್ಟಗೆ ಮಾಡಿ ಅವರ ಮುಖವನ್ನೇ ನೋಡಿತು, ಜಾಗ ಬಿಡಲಿಲ್ಲ. ಅತ್ತೆ ಒಂದು ಗಳಿಗೆ ತಡೆದರು. ಮಂಡಿನೋವಿನ ಆ ಹೆಂಗಸು ಆಮೇಲೆ ಅದರ ಮೇಲೇ ನುಗ್ಗಿದರು. "ನಡಿ. ಹೊಳ್ಳಿ ಬಂದ್ರ ಕಾಲು ಮುರೀತೀನಿ ನೋಡು. ನಡಿ ಇಲ್ಲಿಂದ." ಬಾಯಲ್ಲಿ ಬೈಗುಳ, ಕಣ್ಣಲ್ಲಿ ನೀರು. ಅದು ಬೆಚ್ಚಿ ಹಿಂದೆ ಸರಿದು ಬೇಲಿ ಹಾರಿತು. ಅತ್ತೆ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತರು. ಅವತ್ತು ಎಷ್ಟು ಹೇಳಿದರೂ ತಿಂಡಿ ಮುಟ್ಟಲಿಲ್ಲ.

ಆಮೇಲೂ ಕೆಲವು ಬೆಳಗು ಅದು ಬಂತು, ಪ್ರತಿ ಸಲ ಇನ್ನಷ್ಟು ದೂರ ನಿಂತಿತು. ಅತ್ತೆ ಒಂದು ದಿನವೂ ಬಿಡದೆ ಓಡಿಸಿದರು. ಕಡೆಗೆ ಬರುವುದೇ ನಿಂತಿತು. ಬದುಕಿದೆಯೋ ಇಲ್ಲವೋ ಎಂಬ ಚಿಂತೆ ಅವರಿಗೆ ಹತ್ತಿಕೊಂಡಿತು.

ಮೇ ತಿಂಗಳ ಒಂದು ಸಂಜೆ ತೊರೆಯ ದಂಡೆಯಲ್ಲಿ ನಡೆಯುತ್ತಿದ್ದೆವು. ಎದುರಿಗೆ ಅದೇ ಕಯೋಟಿ, ಜೊತೆಗೆ ಮೂರು ಮರಿಗಳು. ಅತ್ತೆಯನ್ನು ಕಂಡದ್ದೇ ಗಂಟಲಲ್ಲಿ ಏನೋ ಸದ್ದು ಮಾಡಿತು. ಮರಿಗಳು ಪೊದೆಯಲ್ಲಿ ಮಾಯವಾದವು. ಕೊನೆಯ ಮರಿ ಒಳಗೆ ಹೋಗುವ ತನಕ ಅಡ್ಡ ನಿಂತಿದ್ದು, ಆಮೇಲೆ ತಾನೂ ಓಡಿತು.

ಅತ್ತೆಗೆ ನೋವಾಯಿತೇನೋ ಎಂದು ತಿರುಗಿ ನೋಡಿದೆ. ಅವರು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

"ನನ್ನ ಮರ್ತಿಲ್ಲ ನೋಡು. ಮಕ್ಕಳಿಗೂ ಅಂಜೂದು ಕಲಿಸ್ಯಾಳ. ಇನ್ನ ಚಿಂತಿಲ್ಲ, ಬದುಕತಾವ."

ಕರೆದು ಊಟ ಹಾಕುವವರನ್ನು ಬೇಕಾದಷ್ಟು ಕಂಡಿದ್ದೇನೆ. ತಾವು ಉಣಿಸಿದ ಜೀವ ತಮ್ಮನ್ನೇ ಕಂಡು ಓಡಿಹೋದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ಅವರೊಬ್ಬರನ್ನೇ ಕಂಡದ್ದು.