ನಲವತ್ತೇಳನೇ ಬಿಲ್ಲೆ

ನನ್ನ ತಮ್ಮ ನೌಕಾಪಡೆಯಲ್ಲಿ ಕಮಾಂಡರ್ ಆಗಿದ್ದೋನು. ಎದೆ ಮೇಲೆ ಪದಕ ಇದೆ. ಯಾರೋ ಪಾಪ ಅಂತ ಕೊಟ್ಟಿದ್ದಲ್ಲ, ದೇಶದಲ್ಲೇ ಅತಿ ದೊಡ್ಡ ಕುರ್ಚಿಯಲ್ಲಿ ಕೂತೋರು ತಮ್ಮ ಕೈಯಾರೆ ಚುಚ್ಚಿದ್ದು. ನನ್ನ ಹೊಲಿಗೆ ಅಂಗಡಿಗೆ ಬಂದೋರಿಗೆಲ್ಲ ಇಪ್ಪತ್ತೆರಡು ವರ್ಷ ಇದನ್ನ ಹೇಳಿದ್ದೀನಿ. ಪ್ಯಾಂಟು ಗಿಡ್ಡ ಮಾಡಿಸೋಕೆ ಬಂದೋರೂ ಪದಕದ ಕಥೆ ಕೇಳದೆ ಮೆಟ್ಟಿಲು ಇಳಿದಿಲ್ಲ. ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ನಾಲ್ಕು ಹೊಲಿಗೆ ಹಾಕ್ಕೋಬೇಕು ಅನ್ನಿಸುತ್ತೆ. ಇರಲಿ, ಮೊದಲಿಂದ ಹೇಳ್ತೀನಿ.

ನಮ್ಮಪ್ಪ ದೋಣಿಗಳಿಗೆ ಬಣ್ಣ ಬಳಿಯೋರು. ಬಂದರಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆ ಮನೆ, ಅದರಲ್ಲಿ ಒಂದು ಕೋಣೆ ತುಂಬ ಬಣ್ಣದ ಡಬ್ಬ. ತಮ್ಮ ಒಳ್ಳೇ ಹುಡುಗನೇ. ಲೆಕ್ಕದಲ್ಲಿ ಮೇಷ್ಟ್ರಿಗೇ ತಪ್ಪು ತೋರಿಸೋನು. ಒಂದೇ ಒಂದು ಐಬು. ತಪ್ಪು ಮಾಡಿದಾಗ ಸುಳ್ಳು ಹೇಳ್ತಿರಲಿಲ್ಲ, ಬಾಯೇ ಬಿಡ್ತಿರಲಿಲ್ಲ. ಒಂದ್ಸಲ ಅಮ್ಮನ ಕನ್ನಡಿ ಒಡೆದ. ನಾನೇ ಒಡೆದಿದ್ದು ಅಂತ ಅಮ್ಮ ನನಗೆ ಸೌಟಿನಲ್ಲಿ ಬಾರಿಸಿದರು. ಇವನು ಬಾಗಿಲ ಹತ್ತಿರ ಬಾಯಲ್ಲಿ ನೀರು ತುಂಬಿಕೊಂಡೋನ ಹಾಗೆ ನಿಂತು ನೋಡ್ತಿದ್ದ. ಆಮೇಲೆ ಒಂದು ವಾರ ನನ್ನ ಪಾಲಿನ ನೀರನ್ನೂ ಅವನೇ ಹೊತ್ತು ತಂದ. ಪಾಪದ ಮಗು ಅಂದುಕೊಂಡು ಸುಮ್ಮನಾದೆ. ಅವತ್ತೇ ಕಿವಿ ಹಿಂಡಿ ಅಮ್ಮನ ಮುಂದೆ ನಿಲ್ಲಿಸಬೇಕಿತ್ತು.

ಹದಿನೆಂಟಕ್ಕೆ ಪಡೆ ಸೇರಿದ. ಅವರು ಕೊಟ್ಟ ಬಿಳಿ ಕೋಟು ಅವನ ಮೈಮೇಲೆ ಬಟ್ಟೆ ಒಣಹಾಕಿದ ಹಾಗೆ ಕಾಣ್ತಿತ್ತು, ನಾನೇ ಕೂತು ಸರಿ ಮಾಡಿದೆ. ಅಲ್ಲಿಂದ ಅವನ ಪ್ರತಿ ಕೋಟಿಗೂ ನನ್ನ ಸೂಜಿಯೇ. ಕೆಲಸದಲ್ಲಿ ಮಾತ್ರ ಎರಡು ಮಾತಿಲ್ಲ, ಬೆನ್ನು ಬಗ್ಗಿಸಿ ದುಡಿದ. ಒಂದು ಬಿರುಗಾಳಿಯಲ್ಲಿ ಮುಳುಗ್ತಿದ್ದ ಮೀನುಗಾರರು ಒಂಬತ್ತು ಜನರನ್ನ ಹಗ್ಗ ಹಾಕಿ ಎಳೆದುಕೊಂಡ. ಆ ಹಗ್ಗಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳ ತುದಿ ಹೋಯಿತು. ನೋಡಿ, ಅದಕ್ಕೆ ಯಾರೂ ಪದಕ ಕೊಡಲಿಲ್ಲ.

ಪದಕ ಬಂದಿದ್ದು ಬೇರೆಯದಕ್ಕೆ. ಅದು ಅರ್ಥ ಆಗಬೇಕಾದರೆ ನಿಮಗೆ ಬಿಲ್ಲೆ ಗೊತ್ತಿರಬೇಕು. ಹಡಗಿನ ತಳದಲ್ಲಿ ಎಂಜಿನ್ ಕೋಣೆ. ಅದಕ್ಕೆ ಇಳಿಯೋ ಏಣಿಯ ಮೇಲ್ತುದಿಯಲ್ಲಿ ಒಂದು ಹಲಗೆ, ಹಲಗೆ ತುಂಬ ಮೊಳೆ. ಪ್ರತಿಯೊಬ್ಬನ ಹತ್ತಿರವೂ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ. ಇಳಿಯುವಾಗ ತಗುಲಿ ಹಾಕಬೇಕು, ಹತ್ತಿ ಬಂದಾಗ ತೆಗೆದುಕೊಳ್ಳಬೇಕು. ಹಲಗೆಯಲ್ಲಿ ಬಿಲ್ಲೆ ಇದೆ ಅಂದರೆ ಕೆಳಗೆ ಜೀವ ಇದೆ ಅಂತ. ಬಿಲ್ಲೆ ಇಲ್ಲ ಅಂದರೆ ಯಾರೂ ಇಲ್ಲ ಅಂತ.

ಒಂದು ದಿನ ಕಡಲ ಮಧ್ಯೆ ಕೆಳಗೆ ಕೊಳವೆ ಒಡೆದು ನೀರು ನುಗ್ಗಿತು. ಇದ್ದೋರೆಲ್ಲ ಹತ್ತಿ ಬಂದು ಬಿಲ್ಲೆ ಕಿತ್ತುಕೊಂಡರು. ನನ್ನ ತಮ್ಮ ಹಲಗೆ ನೋಡಿದ, ಖಾಲಿ. ಕಬ್ಬಿಣದ ಮುಚ್ಚಳ ಎಳೆಸಿ ಬಿಗಿಸಿದ. ಹಡಗು ಉಳಿಯಿತು, ನೂರ ಎಂಬತ್ತು ಜನ ಉಳಿದರು. ಆದರೆ ಕೆಳಗೆ ಒಬ್ಬ ಉಳಿದುಬಿಟ್ಟಿದ್ದ. ಯಂತ್ರಗಳಿಗೆ ಎಣ್ಣೆ ಹಾಕೋನು, ಬಿಲ್ಲೆ ನಂಬರ್ ನಲವತ್ತೇಳು. ವಿಚಾರಣೆ ಆಯಿತು. "ಬಿಲ್ಲೆ ಹಾಕದೆ ಇಳಿದಿದ್ದಾನೆ, ಅವನದೇ ಅಜಾಗ್ರತೆ" ಅಂತ ಬರೆದು ಫೈಲು ಮುಚ್ಚಿದರು. ಬಿಲ್ಲೆ ಸಿಗಲಿಲ್ಲ, ನೀರುಪಾಲಾಗಿದೆ ಅಂದರು. ಸತ್ತೋನಿಗೆ ಕೆಟ್ಟ ಹೆಸರು, ನಮ್ಮೋನಿಗೆ ಪದಕ.

ಅಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ನಮ್ಮೂರಲ್ಲೇ ಇರೋ ಪಡೆಯ ತರಬೇತಿ ಶಾಲೆಗೆ ಇವನನ್ನ ಹಾಕಿದರು. ಹನ್ನೊಂದು ವರ್ಷ ಅಲ್ಲಿ ಪಾಠ ಮಾಡಿದ. ಮೊದಲನೇ ಪಾಠವೇ ಬಿಲ್ಲೆಯದು, ಅದಕ್ಕೆ ಉದಾಹರಣೆ ನಲವತ್ತೇಳು. ಟೋಪಿ ಮರೆತೋನು, ಬೂಟಿನ ದಾರ ಕಟ್ಟದೋನು, ತಡವಾಗಿ ಎದ್ದೋನು, ಎಲ್ಲರಿಗೂ ಅದೇ ಬೈಗುಳ ಆಯಿತು: "ಲೋ ನಲವತ್ತೇಳು!" ಆ ಸತ್ತೋನ ಹೆಂಡತಿಗೆ ಕರುಣೆ ತೋರಿಸಿ ಪಡೆಯೋರು ಒಂದು ಕೆಲಸ ಕೊಟ್ಟಿದ್ದರು. ಎಲ್ಲಿ ಗೊತ್ತಾ? ಅದೇ ಶಾಲೆಯ ಅಡುಗೆಮನೆಯಲ್ಲಿ. ಆಯಮ್ಮ ಇಪ್ಪತ್ತೆರಡು ವರ್ಷದಿಂದ ದಿನಾ ಮೂರು ಹೊತ್ತು ತಟ್ಟೆಗೆ ಬಡಿಸ್ತಾ ಗಂಡನ ನಂಬರ್ ಬೈಗುಳವಾಗಿ ಕೇಳ್ತಿದ್ದಾರೆ.

ಇದೆಲ್ಲ ನನಗೂ ಗೊತ್ತಿತ್ತು. ಪಾಪ ಅಂದುಕೊಳ್ತಿದ್ದೆ, ಏನು ಮಾಡೋದು, ಗಂಡ ಹಾಗೆ ಮಾಡಿಕೊಂಡ ಅಂತ. ಥೂ, ನನ್ನ ಜನ್ಮಕ್ಕಿಷ್ಟು.

ಹೋದ ವರ್ಷ ಶಾಲೆಯೋರು ಹೊಸ ಕಟ್ಟಡಕ್ಕೆ ಇವನ ಹೆಸರು ಇಡ್ತೀವಿ, ಪದಕದ ಕೋಟು ಹಾಕ್ಕೊಂಡು ಬನ್ನಿ ಅಂದರು. ನಿವೃತ್ತಿ ಆದಮೇಲೆ ಹೊಟ್ಟೆ ಬಂದಿದೆ, ಗುಂಡಿ ಹತ್ತಲ್ಲ. ಕೋಟು ನನ್ನ ಮೇಜಿಗೆ ಬಂತು. ಸಡಿಲಿಸೋಕೆ ಒಳಬಟ್ಟೆ ಬಿಚ್ಚಿದರೆ, ಪದಕದ ಹಿಂದೆ ಸರಿಯಾಗಿ ಎದೆಯ ಜಾಗದಲ್ಲಿ ಒಂದು ಪುಟ್ಟ ಜೇಬು. ಹೊಲಿಗೆ ಸೊಟ್ಟಪಟ್ಟ, ದಾರ ಕಪ್ಪು. ಬಿಳಿ ಕೋಟಿಗೆ ಕಪ್ಪು ದಾರ ಹಾಕೋಕೆ ನನಗೇನು ತಲೆ ಕೆಟ್ಟಿದೆಯಾ? ಬಿಚ್ಚಿದೆ. ಹಿತ್ತಾಳೆ ಬಿಲ್ಲೆ. ನಲವತ್ತೇಳು.

ತಮ್ಮ ಎದುರಿನ ಸ್ಟೂಲ್ ಮೇಲೆ ಟೀ ಕುಡೀತಿದ್ದ.

"ಇದೇನೋ?"

ಲೋಟ ಕೆಳಗಿಟ್ಟ. "ಅಕ್ಕ, ಹಾಗೇ ಹೊಲಿದುಬಿಡು."

"ಹೊಲಿಯೋದು ಆಮೇಲೆ. ಮೊದಲು ಬಾಯಿ ಬಿಡು."

ಬಿಟ್ಟ. ಅವತ್ತು ಕೆಳಗೊಂದು ಪಂಪು ಕೆಟ್ಟು ಕಿರುಚ್ತಿತ್ತಂತೆ. ಎಣ್ಣೆಯೋನ ಎರಡು ಕೈಯಲ್ಲೂ ಸಾಮಾನು. "ನೀನು ಓಡು, ಬಿಲ್ಲೆ ನಾನು ಹಾಕ್ತೀನಿ" ಅಂತ ಇವನೇ ಇಸಕೊಂಡ. ಅಷ್ಟರಲ್ಲಿ ಮೇಲಿಂದ ಫೋನು ಬಂತು, ಬಿಲ್ಲೆ ಜೇಬಿಗೆ ಬಿತ್ತು. ಹತ್ತು ನಿಮಿಷಕ್ಕೆ ಕೊಳವೆ ಒಡೆಯಿತು, ಆ ಗಡಿಬಿಡಿಯಲ್ಲಿ ಎಣ್ಣೆಯೋನೂ ಬಿಲ್ಲೆಯೂ ಮರೆತೇಹೋದವಂತೆ. ಸಂಜೆ ಕರವಸ್ತ್ರ ಹುಡುಕುವಾಗ ಕೈಗೆ ಸಿಕ್ಕಿತು.

"ಒಳಗಿಂದ ಬಡಿದಿದ್ದು ಕೇಳಿಸ್ತಾ?"

"ಇಲ್ಲ ಅಕ್ಕ." ನಂಬಿದೆ. ನಂಬದೆ ಇನ್ನೇನು ಮಾಡಲಿ? "ಗೊತ್ತಿದ್ದರೂ ಮುಚ್ಚಲೇಬೇಕಿತ್ತು. ನೀರು ಹಾಗಿತ್ತು."

"ಹಾಗಿದ್ರೆ ಹೇಳೋಕೆ ಏನಾಗಿತ್ತು ನಿನಗೆ ರೋಗ?"

"ವಿಚಾರಣೆಯಲ್ಲಿ ಮೊಳೆ ಖಾಲಿ ಇತ್ತಾ ಅಂತ ಕೇಳಿದ್ರು. ಖಾಲಿ ಇತ್ತು ಅಂದೆ. ಸುಳ್ಳು ಹೇಳಲಿಲ್ಲ. ಮೊದಲ ದಿನ ಬಾಯಿ ಬರಲಿಲ್ಲ. ಎರಡನೇ ದಿನ ಇನ್ನೂ ಕಷ್ಟ ಆಯ್ತು. ಆಮೇಲೆ ಪದಕ ಬಂತು."

"ಪಾಠ? ಪಾಠ ಯಾಕೋ ಮಾಡಿದೆ, ಹನ್ನೊಂದು ವರ್ಷ? ಆಯಮ್ಮನ ಕೈಯಡುಗೆ ತಿಂದ್ಕೊಂಡು?"

ಬಾಯಲ್ಲಿ ನೀರು ತುಂಬಿಕೊಂಡೋನ ಹಾಗೆ ಕೂತ. ಕೈಯಲ್ಲಿದ್ದ ಅಳತೆ ಪಟ್ಟಿಯಲ್ಲೇ ಅವನ ಹೆಗಲಿಗೆ ಎರಡು ಬಾರಿಸಿದೆ. ಅರವತ್ತನಾಲ್ಕು ವರ್ಷದ ಕಮಾಂಡರ್ ಅಕ್ಕನ ಕೈಲಿ ಏಟು ತಿಂದು ಕೂತ. "ನೋಡು, ಕೋಟು ಹೊಲಿದುಕೊಡ್ತೀನಿ. ಬಿಲ್ಲೆ ನನ್ನ ಹತ್ರ ಇರುತ್ತೆ. ವೇದಿಕೆ ಮೇಲೆ ನೀನು ಹೇಳ್ತೀಯೋ, ನಾನು ಹೇಳಲೋ, ಯೋಚನೆ ಮಾಡು" ಅಂದೆ.

ಹೇಳಿದ. ಅದೊಂದನ್ನು ಒಪ್ಪಬೇಕು. ಹೊಸ ಹುಡುಗರು, ಅಧಿಕಾರಿಗಳು, ಅವರ ಮನೆಯೋರು ತುಂಬಿದ್ದ ಸಭೆಯಲ್ಲಿ ಎದ್ದು ನಿಂತು, "ನಲವತ್ತೇಳನೆಯವನ ತಪ್ಪೇನೂ ಇರಲಿಲ್ಲ, ಬಿಲ್ಲೆ ಹಾಕದೆ ಹೋದವನು ನಾನು" ಅಂದ. ಆಮೇಲೆ ಏನಾಯಿತು ಹೇಳಿ? ಚಪ್ಪಾಳೆ! ಶಾಲೆಯ ಮುಖ್ಯಸ್ಥರು ಮೈಕು ಹಿಡಿದು, "ಎಂಥ ವಿನಯ ನೋಡಿ! ತಮ್ಮ ಕೈಕೆಳಗಿನವನ ತಪ್ಪನ್ನೂ ತಮ್ಮ ತಲೆ ಮೇಲೆ ಹೊತ್ತುಕೊಳ್ಳೋ ದೊಡ್ಡ ಮನಸ್ಸು!" ಅಂದರು. ಎಲ್ಲರೂ ಎದ್ದು ನಿಂತು ತಟ್ಟಿದರು. ನನ್ನ ತಮ್ಮ ಕೈ ಆಡಿಸ್ತಾ "ಅಲ್ಲ, ಅಲ್ಲ" ಅಂತಿದ್ದಾನೆ, ಅದೂ ವಿನಯ ಅಂತ ಇನ್ನೂ ಜೋರಾಗಿ ತಟ್ಟಿದರು.

ನನಗೆ ತಡೆಯಲಾಗಲಿಲ್ಲ. ನೆಟ್ಟಗೆ ವೇದಿಕೆ ಹತ್ತಿದೆ. "ನಿಲ್ಲಿಸ್ರೀ ನಿಮ್ಮ ಚಪ್ಪಾಳೆ! ನೀರುಪಾಲಾಯ್ತು ಅಂದ್ರಲ್ಲ, ಇದೇನು ನೀವೇ ಓದಿ" ಅಂತ ಬಿಲ್ಲೆಯನ್ನ ಮುಖ್ಯಸ್ಥರ ಕೈಗೆ ತುರುಕಿದೆ. ಅವರು ಓದಿದರು. ಮೈಕು ಕೆಳಗಿಟ್ಟರು. ಚಪ್ಪಾಳೆ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಂದೊಂದಾಗಿ ನಿಂತಿತು.

ಕೊನೇ ಸಾಲಿನ ಹಿಂದೆ ಟೀ ಮೇಜು. ಅಲ್ಲಿಂದ ಆಯಮ್ಮ ಸೆರಗಿಗೆ ಕೈ ಒರೆಸಿಕೊಳ್ತಾ ನಡೆದು ಬಂದರು. ಯಾರೂ ದಾರಿ ಬಿಡಿ ಅನ್ನಲಿಲ್ಲ, ದಾರಿ ಆಯಿತು. ಮುಖ್ಯಸ್ಥರ ಕೈಯಿಂದ ಬಿಲ್ಲೆ ತೆಗೆದುಕೊಂಡು ಬೆರಳಲ್ಲಿ ತಿಕ್ಕಿ ನೋಡಿದರು. ಅಳ್ತಾರೆ ಅಂದುಕೊಂಡೆ. ಅಳಲಿಲ್ಲ. ನನ್ನ ತಮ್ಮ ಬಗ್ಗಿ ಕೈ ಮುಗಿದ. "ಅಮ್ಮ, ಕ್ಷಮಿಸಿ. ಪದಕ ವಾಪಸ್ ಕೊಡ್ತೀನಿ."

"ಪದಕ ಯಾರಿಗೆ ಬೇಕು?" ಅಂದರು ಆಯಮ್ಮ. ದನಿ ಏರಿಸಲಿಲ್ಲ. "ಆ ಪಾಠ ಮಾಡ್ತಿದ್ದಿದ್ದು ನೀವೇ ಅಲ್ವಾ?"

"ಹೌದಮ್ಮ."

"ಎಷ್ಟು ವರ್ಷ ಮಾಡಿದ್ರಿ?"

"ಹನ್ನೊಂದು."

"ಹಾಗಾದ್ರೆ ಇವತ್ತು ಹೇಳಿದ್ದನ್ನೂ ಹನ್ನೊಂದು ವರ್ಷ ಪಾಠ ಮಾಡಿ. ಒಂದು ತಂಡವನ್ನೂ ಬಿಡದೆ. ನಾನು ಅಡುಗೆಮನೆ ಕಿಟಕಿ ತೆಗೆದಿಟ್ಟಿರ್ತೀನಿ, ಕೇಳಿಸೋ ಹಾಗೆ ಹೇಳಿ. ಕ್ಷಮೆ ವಿಷಯ ಆಮೇಲೆ ಮಾತಾಡೋಣ." ಬಿಲ್ಲೆಯನ್ನ ಸೆರಗಿನ ತುದಿಗೆ ಕಟ್ಟಿಕೊಂಡು ಟೀ ಮೇಜಿಗೆ ವಾಪಸ್ ಹೋದರು.

ವರ್ಷಕ್ಕೆ ನಾಲ್ಕು ತಂಡ ಬರುತ್ತೆ. ನಮ್ಮೋನ ಮಂಡಿ ಕೆಟ್ಟಿದೆ, ಸಕ್ಕರೆ ಕಾಯಿಲೆ ಇದೆ. ಆದರೂ ನಾನೇ ಆಟೋ ಹತ್ತಿಸಿ ಕಳಿಸ್ತೀನಿ. ಇಲ್ಲಿವರೆಗೆ ಐದು ಸಲ ಆಗಿದೆ, ಇನ್ನೂ ಮೂವತ್ತೊಂಬತ್ತು ಇದೆ. ಮೊನ್ನೆ ಬಂದೋನು, "ಅಕ್ಕ, ಅಷ್ಟು ವರ್ಷ ನಾನು ಇರ್ತೀನೋ ಇಲ್ಲವೋ" ಅಂದ. "ಅದನ್ನ ಆಯಮ್ಮನಿಗೆ ಹೇಳು ಹೋಗು" ಅಂದೆ.