ಮುಸುರೆ ಕೈ

ಅನ್ನ ಮುಟ್ಟಿದ ಕೈ ನಮ್ಮ ಮನೆಯಲ್ಲಿ ಮುಸುರೆ. ಅದನ್ನು ತೊಳೆಯದೆ ಮೊಸರು, ತುಪ್ಪ, ಉಪ್ಪಿನಕಾಯಿ ಯಾವುದನ್ನೂ ಮುಟ್ಟುವಂತಿಲ್ಲ. ಉಡುಪಿಯ ದೊಡ್ಡ ಅಡುಗೆಮನೆಯಲ್ಲಿ ಇದೆಲ್ಲ ನಡೆಯುತ್ತಿತ್ತೇನೋ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲ. ಮೂರು ಊಟದ ಡಬ್ಬಿ ತುಂಬುವಷ್ಟರಲ್ಲಿ ನಾನು ಹತ್ತು ಸಲ ಕೈ ತೊಳೆಯಬೇಕು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ. ಅಷ್ಟರಲ್ಲಿ ಥಾಣೆಗೆ ಹೋಗುವ ನನ್ನ ಲೋಕಲ್ ರೈಲು ಹೊರಟುಹೋಗಿರುತ್ತದೆ. ತಡವಾಗಿ ಬಂದದ್ದಕ್ಕೆ ಆಫೀಸಿನಲ್ಲಿ ಎರಡು ಸಲ ಕಾರಣ ಬರೆದುಕೊಟ್ಟಾಗಿತ್ತು.

"ಅಷ್ಟು ಕಷ್ಟ ಆದ್ರೆ ಕೆಲಸ ಬಿಡು," ಎಂದರು ಗಂಡ, ಮೊಬೈಲಿನಿಂದ ತಲೆಯೆತ್ತದೆ. ಮೈಯೆಲ್ಲ ಉರಿಯಿತು. ಯಾರೂ ನನ್ನ ಕೈ ನೋಡದ ಜಾಗ ಎಂದರೆ ಆ ಆಫೀಸು ಒಂದೇ.

ಆಗ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಡಿಜಿಟಲ್ ಮೈಕ್ರೋಸ್ಕೋಪ್ ತರಿಸಿದಳು. ಹೆಬ್ಬೆರಳಿನ ದಪ್ಪದ ಕೊಳವೆ, ಅದರ ವೈರು ಲ್ಯಾಪ್‌ಟಾಪಿಗೆ. ಉಪ್ಪು ನೋಡಿದೆವು, ಅತ್ತೆಯ ಸೀರೆಯ ಅಂಚು ನೋಡಿದೆವು. ಚಹಾ ಸೋಸುವ ಜಾಲರಿ ನಮ್ಮ ಕಿಟಕಿಯ ಗ್ರಿಲ್ಲಿನ ಹಾಗೇ ಇತ್ತು.

ನನಗೊಂದು ದುರ್ಬುದ್ಧಿ ಹೊಳೆಯಿತು. ಅನ್ನ ಮುಟ್ಟಿ, ಬೆರಳನ್ನು ಬಟ್ಟೆಗೆ ಚೆನ್ನಾಗಿ ಒರೆಸಿ, ಅತ್ತೆಯನ್ನು ಕರೆದೆ. ಒರೆಸಿದರೆ ಸಾಕು, ಏನೂ ಉಳಿಯುವುದಿಲ್ಲ ಎಂದು ತೋರಿಸಿಬಿಟ್ಟರೆ ಈ ತಾಪತ್ರಯ ಮುಗಿಯುತ್ತದೆ ಎಂದುಕೊಂಡೆ.

ಪರದೆಯ ಮೇಲೆ ನನ್ನ ಬೆರಳಿನ ಗೆರೆಗಳ ನಡುವೆಲ್ಲ ಒಣಗಿದ ಗಂಜಿ ಮಿನುಗುತ್ತಿತ್ತು.

"ಸ್ಟಾರ್ಚ್ ಹೈ, ಅಜ್ಜಿ," ಎಂದಳು ಮಗಳು.

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಸ್ಟಾರ್ಚೋ ಎಂತದೋ. ನಾವು ಅದಕ್ಕೆ ಮುಸುರೆ ಅಂತ ಹೇಳುದು. ಕಣ್ಣಿಗೆ ಕಾಣುದಿಲ್ಲ, ಅಷ್ಟೇ."

ಬೈಯಲಿಲ್ಲ, ಹಂಗಿಸಲಿಲ್ಲ. ಬೈದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಸಿಟ್ಟೆಲ್ಲ ನನ್ನ ಮೇಲೆಯೇ ಬಂತು.

ಮುಂದಿನ ವಾರ ಅತ್ತೆ ನಾಲ್ಕು ದಿನ ಇದ್ದು ಬರುತ್ತೇನೆಂದು ನೆರೂಳಿನಲ್ಲಿರುವ ತಮ್ಮ ಮಗಳ ಮನೆಗೆ ಹೋದರು. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಯಾರೂ ಇರಲಿಲ್ಲ. ಖುಷಿಯಿಂದಲೇ ಡಬ್ಬಿಗೆ ಅನ್ನ ತುಂಬಿ, ಅದೇ ಕೈಯನ್ನು ಮೊಸರಿನ ಪಾತ್ರೆಯತ್ತ ಚಾಚಿದೆ. ಕೈ ಮುಂದೆ ಹೋಗಲಿಲ್ಲ. ಆ ಗೆರೆಗಳೇ ಕಣ್ಣಿಗೆ ಕಟ್ಟಿದವು. ನಲ್ಲಿಗೆ ಹೋಗಿ ತೊಳೆದೆ. ಅನುಮಾನವಾಗಿ ಇನ್ನೊಮ್ಮೆ ತೊಳೆದೆ. ತುಪ್ಪಕ್ಕೊಮ್ಮೆ, ಉಪ್ಪಿನಕಾಯಿಗೊಮ್ಮೆ.

ಲೋಕಲ್ ತಪ್ಪಿತು. ಆಫೀಸಿನಲ್ಲಿ ಮೂರನೆಯ ಸಲ ಕಾರಣ ಬರೆಯಲು ಕೂತೆ. ಈ ಸಲ ಮನಸ್ಸಿನಲ್ಲಾದರೂ ದೂರಲು ನನಗೆ ಯಾರೂ ಇರಲಿಲ್ಲ.